ಎರಡು ಡಬ್ಬಿ, ಒಂದು ಹೆಬ್ಬೆರಳು

ಸಾಗರದ ಒಂದು ಪಾರ್ಲರಿನಲ್ಲಿ ನಾಲ್ಕು ವರ್ಷ ಕೂತು ಊರವರ ಉಗುರು ತಿದ್ದಿದ್ದೇನೆ. ಕೈಯುಗುರು, ಕಾಲುಗುರು, ಹಳದಿ ತಿರುಗಿದ್ದು, ಮಾಂಸದೊಳಗೆ ಬೆಳೆದದ್ದು, ಕಚ್ಚಿ ಕಚ್ಚಿ ಮೊಂಡಾದದ್ದು, ಯಾವುದನ್ನೂ ಬಿಟ್ಟಿಲ್ಲ. ಕೈ ನೋಡಿದರೆ ಆ ಮನೆಯಲ್ಲಿ ಪಾತ್ರೆ ತಿಕ್ಕುವವರು ಯಾರು ಎಂದು ಹೇಳುವಷ್ಟು ಪಳಗಿದ್ದೆ. ಅಷ್ಟು ಪಳಗಿದವಳೇ ಹೆತ್ತ ತಾಯಿಯ ಹೆಬ್ಬೆರಳು ಹಾಳು ಮಾಡಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಹೇಳೋಣ ಎಂದು ಮುಚ್ಚಿಟ್ಟುಕೊಳ್ಳುವಂಥ ಸಂಗತಿಯಲ್ಲ ಇದು.

ಪಾರ್ಲರಿನ ಒಡತಿಯನ್ನು ಕೆಲಸಕ್ಕಿದ್ದ ನಾವಿಬ್ಬರೂ ಮೇಡಂ ಎನ್ನುತ್ತಿದ್ದೆವು. ತೋಟದ ಮನೆಯವರು, ಬೆಂಗಳೂರಿನಲ್ಲಿ ಕೋರ್ಸ್ ಮಾಡಿಕೊಂಡು ಬಂದವರು. ಕೆಟ್ಟವರೆಂದು ಹೇಳಿದರೆ ನನ್ನ ನಾಲಿಗೆ ಬಿದ್ದುಹೋದೀತು. ಕೆಲಸ ಕಲಿಸಿದ್ದು ಅವರು, ಜ್ವರ ಬಂದಾಗ ಗಂಜಿ ಕಳಿಸಿದ್ದು ಅವರು. ಉಗುರಿನ ಬುಡದಲ್ಲಿರುವ ತೆಳ್ಳನೆಯ ಚರ್ಮಕ್ಕೆ ಕ್ಯುಟಿಕಲ್ ಎನ್ನುತ್ತಾರೆ, ಅದನ್ನು ಹಿಂದಕ್ಕೆ ತಳ್ಳಬೇಕೇ ಹೊರತು ಆಳವಾಗಿ ಕತ್ತರಿಸಬಾರದು ಎಂದು ತಿಳಿಸಿದವರೂ ಅವರೇ. ಕರೋನಾ ಮುಗಿದ ಮೇಲೆ ಬಾಗಿಲಿಗೆ ಒಂದು ಬೋರ್ಡು ಹಾಕಿಸಿದರು: 'ನಮ್ಮಲ್ಲಿ ಶುಚಿತ್ವಕ್ಕೆ ಮೊದಲ ಸ್ಥಾನ'. ಅದರ ಕೆಳಗೆ ಸ್ಯಾನಿಟೈಸರ್ ಬಾಟಲಿ. ಒಂದು ತಿಂಗಳಲ್ಲಿ ಅದರ ಪಂಪು ಮುರಿಯಿತು. ಬಾಟಲಿ ಮಾತ್ರ ನಾನು ಬಿಡುವವರೆಗೂ ಅಲ್ಲೇ ಇತ್ತು.

ಒಳಗೆ ಎರಡು ಡಬ್ಬಿಗಳಿದ್ದವು. ಒಂದಕ್ಕೆ ನೀಲಿ ಮುಚ್ಚಳ, ಇನ್ನೊಂದಕ್ಕೆ ಕೆಂಪು. ಎರಡರಲ್ಲೂ ಅದೇ ಸಾಮಾನು: ಚರ್ಮ ತಳ್ಳುವ ಕಡ್ಡಿ, ಚರ್ಮ ಕತ್ತರಿಸುವ ಸಣ್ಣ ಇಕ್ಕಳ, ನೇಲ್ ಕಟರ್, ಎರಡು ಫೈಲ್. ನೀಲಿ ಡಬ್ಬಿ ತೋಟದ ಮನೆಯ ಹೆಂಗಸರಿಗೆ, ಬ್ಯಾಂಕು, ಶಾಲೆ, ಆಫೀಸುಗಳಲ್ಲಿ ಕೆಲಸ ಮಾಡುವವರಿಗೆ. ಕೆಂಪು ಡಬ್ಬಿ ಅಡಿಕೆ ಸುಲಿಯಲು ಹೋಗುವವರಿಗೆ, ಗಾರ್ಮೆಂಟ್ಸಿನವರಿಗೆ, ಒಟ್ಟಿನಲ್ಲಿ ಮೇಡಂ ಒಮ್ಮೆ ಮೇಲಿಂದ ಕೆಳಗೆ ನೋಡಿ 'ಬಾ, ಕೂತ್ಕೋ' ಎಂದು ಏಕವಚನದಲ್ಲಿ ಕರೆಯುವವರಿಗೆ. ಯಾರಿಗೆ ಯಾವುದೆಂದು ಎಲ್ಲೂ ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. ಮೊದಲನೇ ವಾರಕ್ಕೇ ನನಗೆ ತಪ್ಪದೆ ಗೊತ್ತಾಗುತ್ತಿತ್ತು, ಅದನ್ನು ನೆನೆದರೆ ಈಗ ನನ್ನ ಮೇಲೇ ಹೇಸಿಗೆಯಾಗುತ್ತದೆ.

ತಮಾಷೆ ಇರುವುದು ಇಲ್ಲಿ. ಕೆಂಪು ಡಬ್ಬಿಯ ಸಾಮಾನನ್ನು ಪ್ರತಿ ಸಲ ಸೋಪು ಹಾಕಿ ತಿಕ್ಕಿ, ಹಿಂದಿನ ಕೋಣೆಯ ಗ್ಯಾಸಿನ ಮೇಲೆ ಕುಕ್ಕರಿನಲ್ಲಿಟ್ಟು ಇಪ್ಪತ್ತು ನಿಮಿಷ ಕುದಿಸಬೇಕಿತ್ತು. 'ಅವರ ಕೈ ಎಲ್ಲೆಲ್ಲಿ ಹೋಗಿರ್ತದೋ ಏನೋ, ಚೆನ್ನಾಗಿ ಕುದ್ಸು' ಎನ್ನುತ್ತಿದ್ದರು ಮೇಡಂ. ನೀಲಿ ಡಬ್ಬಿಯದನ್ನು ಪನ್ನೀರು ಅದ್ದಿದ ಹತ್ತಿಯಿಂದ ಒರೆಸಿ ಇಟ್ಟರೆ ಮುಗಿಯಿತು. ಆಯುಧಪೂಜೆಯ ದಿನ ಅರಿಶಿನ ಕುಂಕುಮ, ಸೇವಂತಿಗೆ ಎಲ್ಲ ಏರುತ್ತಿದ್ದದ್ದೂ ನೀಲಿ ಡಬ್ಬಿಗೇ.

ಒಮ್ಮೆ ಕೇಳಿದೆ. "ಮೇಡಂ, ನೀಲಿದನ್ನೂ ಕುದಿಸ್ಲಾ?"

"ಅದೆಂತಕ್ಕೆ? ಮೂರು ಹೊತ್ತು ಕೈ ತೊಳ್ಕಂಡು ಮಡಿ ಮೈಲಿಗೆ ನೋಡೋ ಮನೆಯೋರು ಅವರು. ಸುಮ್ನೆ ಕುದ್ಸಿ ಕುದ್ಸಿ ಸಾಮಾನು ಮೊಂಡಾಗ್ತದೆ, ಅಷ್ಟೇ."

ತಮ್ಮ ಕಡೆಯ ಹೆಂಗಸರು ಬಂದರೆ ಡಬ್ಬಿ ತೋರಿಸಿ ಮನೆಮಾತಿನಲ್ಲಿ ಹೇಳುವರು, "ಇದು ಎಂಗಳವಕ್ಕೇ ಇಟ್ಟಿದ್ದು, ಬೇರೆಯವಕ್ಕೆ ಮುಟ್ಟಸ್ತಿಲ್ಲೆ." ನಮ್ಮವರಿಗೇ ಇಟ್ಟದ್ದು ಎಂದು ಕೇಳಿ ಕೂತವರ ಮುಖದಲ್ಲಿ ಒಂದು ನೆಮ್ಮದಿ ಮೂಡುತ್ತಿತ್ತು. ಮಡಿ ಬೇರೆ, ಚೊಕ್ಕಟ ಬೇರೆ ಎನ್ನುವುದು ಅವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಬಿಡಿ, ಅವರನ್ನು ಅಂದು ಏನು ಪ್ರಯೋಜನ? ದಿನಾ ಕುಕ್ಕರಿನ ಮುಂದೆ ನಿಂತು ಯಾವುದು ಕುದಿಯುತ್ತದೆ, ಯಾವುದು ಕುದಿಯುವುದಿಲ್ಲ ಎಂದು ಕಣ್ಣಾರೆ ನೋಡುತ್ತಿದ್ದ ನನಗೂ ಹೊಳೆಯಲಿಲ್ಲ.

ನನ್ನ ಅಮ್ಮ ಅಡಿಕೆ ಸುಲಿಯುವವಳು. ಹೊಸನಗರದ ಕಡೆ ಅವಳಷ್ಟು ಚುರುಕಾಗಿ ಸುಲಿಯುವ ಹೆಂಗಸು ಇರಲಿಲ್ಲ. ಕತ್ತಿ ನೆಟ್ಟ ಮಣೆಯ ಮೇಲೆ ಕೂತು ಹಸಿಕಾಯಿಯನ್ನು ಅಲಗಿಗೆ ಒತ್ತಿ, ಬಲಗೈ ಹೆಬ್ಬೆರಳಲ್ಲಿ ಒಮ್ಮೆ ತಿರುವಿದಳೆಂದರೆ ಸಿಪ್ಪೆ ಒಂದು ಕಡೆ, ಅಡಿಕೆ ಒಂದು ಕಡೆ. ಸುಗ್ಗಿಯಲ್ಲಿ ನಾಲ್ಕು ಮನೆಯವರು ಅವಳಿಗಾಗಿ ಮೊದಲೇ ಹೇಳಿಕಳಿಸುತ್ತಿದ್ದರು. ಅದಕ್ಕೆ ಸಿಕ್ಕ ಬಳುವಳಿಯೆಂದರೆ ಕಪ್ಪು ಕೈ. ಅಡಿಕೆಯ ಕಪ್ಪು ಸೋಪಿಗೆ ಜಗ್ಗುವುದಿಲ್ಲ, ಉಗುರಿನ ಬುಡದಲ್ಲಿ, ಬೆರಳಿನ ಗೆರೆಗಳಲ್ಲಿ ಕೂತುಬಿಡುತ್ತದೆ. ಮದುವೆ ಮನೆಗಳಲ್ಲಿ ಅರಿಶಿನ ಕುಂಕುಮ ಕೊಡುವಾಗ ಅವಳು ಸೆರಗಿನಡಿಯಿಂದ ಎರಡೇ ಬೆರಳು ಹೊರಗೆ ಚಾಚುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ.

ಆ ವರ್ಷ ಚಿಕ್ಕಮ್ಮನ ಮಗಳ ಮದುವೆ ತೀರ್ಥಹಳ್ಳಿಯಲ್ಲಿ ನಿಶ್ಚಯವಾಯಿತು. ನಾನೇ ಹಟ ಹಿಡಿದೆ. "ಬಾ ಅಮ್ಮ, ಪಾರ್ಲರಿಗೆ ಬಾ, ಕೈ ಚೆಂದ ಮಾಡಿಕೊಡ್ತೀನಿ." ಬೇಡ ಬೇಡ ಎನ್ನುತ್ತಲೇ ಒಂದು ಮಂಗಳವಾರ ಹೊಸನಗರದ ಬಸ್ಸಿನಲ್ಲಿ ಬಂದಿಳಿದಳು. ಮೇಡಂ ಮನೆಯವರ ಜೊತೆ ವರದಹಳ್ಳಿಗೆ ಹೋಗಿದ್ದರು. ಇನ್ನೊಬ್ಬಳು ರಜೆ. ಆ ದಿನವನ್ನು ನಾನು ಬೇಕೆಂದೇ ಆರಿಸಿದ್ದೆ.

ಅಮ್ಮ ಬರುವ ಮೊದಲು ಒಬ್ಬರು ಹೆಂಗಸು ಪೆಡಿಕ್ಯೂರ್ ಮಾಡಿಸಿಕೊಂಡು ಹೋಗಿದ್ದರು. ಅವರ ಕಾಲಿನ ಹೆಬ್ಬೆಟ್ಟಿನ ಉಗುರು ದಪ್ಪಗೆ ಹಳದಿಯಾಗಿತ್ತು, ಪಕ್ಕ ಕೆಂಪಗೆ ಊದಿ, ಒತ್ತಿದರೆ ಕೀವು ಬರುವ ಹಾಗಿತ್ತು. ಅಂಥ ಕಾಲನ್ನು ಮುಟ್ಟಬಾರದು, ಡಾಕ್ಟರಿಗೆ ತೋರಿಸಿ ಎಂದು ಹೇಳಿ ಕಳಿಸಬೇಕು. ನಾನು ಹೇಳಲಿಲ್ಲ. ನೀಲಿ ಡಬ್ಬಿಯವರಿಗೆ ಹಾಗೆಲ್ಲ ಹೇಳುವ ರೂಢಿಯೇ ನಮ್ಮಲ್ಲಿರಲಿಲ್ಲ. ಅದೇ ಕಡ್ಡಿ, ಅದೇ ಇಕ್ಕಳ ಹಿಡಿದು ಕೆಲಸ ಮುಗಿಸಿ, ಪನ್ನೀರಿನಲ್ಲಿ ಒರೆಸಿ ಮುಚ್ಚಳ ಹಾಕಿದ್ದೆ.

ಅಮ್ಮ ಚಪ್ಪಲಿ ಹೊರಗೆ ಬಿಟ್ಟು ಬಂದು ಕುರ್ಚಿಯ ತುದಿಯಲ್ಲಿ ಕೂತಳು. ಬಿಸಿನೀರಿಗೆ ಶ್ಯಾಂಪೂ, ನಿಂಬೆರಸ ಹಾಕಿ ಕೈ ಅದ್ದಿಸಿದೆ. ಸಾಮಾನು ತೆಗೆಯಲು ಹೋದಾಗ ನನ್ನ ಕೈ ತಾನಾಗಿ ಕೆಂಪು ಮುಚ್ಚಳದ ಮೇಲೆ ಹೋಯಿತು. ನಾಲ್ಕು ವರ್ಷದ ಅಭ್ಯಾಸ. ಅಡಿಕೆ ಸುಲಿಯುವವಳು, ಕೆಂಪು. ಮೈ ಉರಿದುಹೋಯಿತು. ನನ್ನ ಅಮ್ಮನಿಗೂ ಇದೇನಾ? ಹಿಂದಿನ ದಿನವಷ್ಟೇ ಕುದಿಸಿ ಒಣಗಿಸಿಟ್ಟ ಆ ಡಬ್ಬಿಯನ್ನು ಬದಿಗೆ ಸರಿಸಿ, ನೀಲಿ ಡಬ್ಬಿ ತೆಗೆದೆ. ಇವತ್ತು ಅಮ್ಮನಿಗೆ ಒಳ್ಳೆಯದರಲ್ಲೇ ಮಾಡುತ್ತೇನೆ ಎಂದುಕೊಂಡೆ. ಒಳ್ಳೆಯದು ಅಂತೆ!

ಡಬ್ಬಿಗಳ ವಿಷಯವನ್ನು ಮನೆಯಲ್ಲಿ ಹೇಳಿ ನಕ್ಕಿದ್ದೆ, ಹಾಗಾಗಿ ಅಮ್ಮನಿಗೆ ಗೊತ್ತಿತ್ತು. "ಅದು ಅವರದ್ದಲ್ವೇನೇ? ಬೇಡ ಮಾರಾಯ್ತಿ, ಯಾರಾದ್ರೂ ನೋಡಿದ್ರೆ?" ಎಂದಳು.

"ಇವತ್ತು ನಿಂದೇ, ಸುಮ್ನೆ ಕೂರು."

ಅವಳ ಮುಖ ಅರಳಿದ್ದು ಕಂಡಿತು. ಅದನ್ನು ನೋಡಿ ನನಗೆ ಇನ್ನಷ್ಟು ಹುರುಪು ಬಂತು. ಕಪ್ಪು ಹೋಗಲೇಬೇಕೆಂದು ಬುಡಬುಡದಲ್ಲಿ ಕೆರೆದೆ. ಬಲಗೈ ಹೆಬ್ಬೆರಳಿನ ಹತ್ತಿರ ಚರ್ಮ ಆಳವಾಗಿ ಕತ್ತರಿಸಿಹೋಗಿ ಒಂದು ಹನಿ ರಕ್ತ ಬಂತು. ಪನ್ನೀರಿನ ಹತ್ತಿ ಒತ್ತಿದೆ. ಕೊನೆಗೆ ತಿಳಿಗುಲಾಬಿ ಪಾಲಿಶ್ ಹಚ್ಚಿದೆ. ಅವಳು ಕೈಯನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿಕೊಂಡಳು.

ತೀರ್ಥಹಳ್ಳಿಯ ಮದುವೆಯಲ್ಲಿ ಅಮ್ಮ ಎರಡೂ ಕೈ ಚಾಚಿ ಅರಿಶಿನ ಕುಂಕುಮ ಕೊಟ್ಟಳು, ಬಡಿಸಲೂ ನಿಂತಳು. ಆಗಲೇ ಹೆಬ್ಬೆರಳು ತುಡಿಯುತ್ತಿತ್ತಂತೆ. ಹೇಳಿರಲಿಲ್ಲ. ಊರಿಗೆ ಹೋಗಿ ಎರಡು ದಿನ ಬಿಟ್ಟು ಫೋನ್ ಮಾಡಿದಳು. "ಉಗುರುಸುತ್ತು ಆಗಿದೆ ಕಣೆ. ನಿಂಬೆಹಣ್ಣು ತೂತು ಮಾಡಿ ಬೆರಳಿಗೆ ಸಿಗಿಸ್ಕಂಡೀನಿ. ವಾಸಿ ಆಗ್ತದೆ."

ಕೇಳಿದ ಕೂಡಲೇ ನನಗೆ ಆ ಹಳದಿ ಉಗುರು ಕಣ್ಣ ಮುಂದೆ ಬಂತು. ಗೊತ್ತಾಯಿತು, ಸ್ಪಷ್ಟವಾಗಿ ಗೊತ್ತಾಯಿತು. ಅಮ್ಮನಿಗೆ ಸಕ್ಕರೆ ಕಾಯಿಲೆ ಇರುವುದೂ ಗೊತ್ತಿತ್ತು. ಈಗಲೇ ಆಸ್ಪತ್ರೆಗೆ ಹೋಗು ಎಂದು ಹೇಳಿದ್ದರೆ, ಯಾಕೆ ಎಂದು ಕೇಳುತ್ತಿದ್ದಳು. ಹೇಗಾಯಿತು ಎಂದು ಡಾಕ್ಟರು ಕೇಳುತ್ತಿದ್ದರು. ಮಾತು ಸುತ್ತಿ ಬಳಸಿ ಮೇಡಂ ಕಿವಿಗೆ ಬೀಳುತ್ತಿತ್ತು. ನಾನು, "ಹ್ಞೂಂ, ಕಮ್ಮಿಯಾಗತ್ತೆ ಬಿಡು" ಎಂದೆ. ಆ ಮಾತಿಗೆ ನನಗೆ ನಾನೇ ಕ್ಷಮೆ ಕೊಟ್ಟುಕೊಂಡಿಲ್ಲ. ಕೊಡುವುದೂ ಇಲ್ಲ.

ಎಂಟು ದಿನ ಬಿಟ್ಟು ಊರಿಗೆ ಹೋದೆ. ನಿಂಬೆಹಣ್ಣು ತೆಗೆದಾಗ ಕೊಳೆತ ವಾಸನೆ ಬಂತು. ಉಗುರಿನ ಸುತ್ತ ಹಸಿರು, ಅದರಾಚೆ ಕಪ್ಪು. ಅಡಿಕೆಯ ಕಪ್ಪೆಂದು ಅವಳು ಅದನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅಂದೇ ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆ. ನಂಜು ಎಲುಬಿಗೆ ಇಳಿದಿದೆ, ಮೊದಲ ಗೆಣ್ಣಿನವರೆಗೆ ತೆಗೆಯಲೇಬೇಕು ಎಂದರು ಡಾಕ್ಟರು.

"ಗಾಯ ಹೇಗಾಯ್ತು? ಯಾರು ಕತ್ತರಿಸಿದ್ದು ಇಲ್ಲಿ?" ಎಂದು ಕೇಳಿದರು.

"ಮನೇಲಿ ಬ್ಲೇಡಲ್ಲಿ ಉಗುರು ತೆಗ್ದುಕೊಳ್ಳೋಕೆ ಹೋಗಿದಾರೆ ಸರ್" ಎಂದೆ ನಾನು.

ಅಮ್ಮ ನನ್ನ ಮುಖವನ್ನು ಒಂದು ಕ್ಷಣ ನೋಡಿದಳು. "ಹೌದು ಡಾಕ್ಟ್ರೇ, ನಂದೇ ತಪ್ಪು" ಎಂದಳು. ಡಾಕ್ಟರು ಅವಳಿಗೆ ಚೆನ್ನಾಗಿ ಬೈದರು. ಇಷ್ಟು ವಯಸ್ಸಾದರೂ ಬುದ್ಧಿ ಬೇಡವಾ, ಶುಚಿ ಬೇಡವಾ ಎಂದರು. ಅಮ್ಮ ತಲೆ ತಗ್ಗಿಸಿ ಬೈಸಿಕೊಂಡಳು. ನಾನು ಪಕ್ಕದಲ್ಲಿ ಚೀಟಿ ಹಿಡಿದು ನಿಂತಿದ್ದೆ.

ಕೆಲಸಕ್ಕೆ ಮರಳಿದ ದಿನ ತಡೆಯಲಾಗದೆ ಮೇಡಂ ಹತ್ತಿರ ಎಲ್ಲ ಹೇಳಿದೆ. ಬೈಯುತ್ತಾರೆ, ಇಲ್ಲವೇ ಹೆದರುತ್ತಾರೆ, ಇನ್ನುಮೇಲೆ ಎಲ್ಲವನ್ನೂ ಕುದಿಸೋಣ ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ. "ನೀಲಿ ಡಬ್ಬೀಲಿ ಮಾಡಿದ್ಯಾ?" ಹೌದೆಂದೆ. ಎದ್ದು ಹೋಗಿ ಡಬ್ಬಿಯನ್ನು ಮುಚ್ಚಳದ ಸಮೇತ ಕಸದ ಬುಟ್ಟಿಗೆ ಹಾಕಿದರು. ಸಂಜೆಯೊಳಗೆ ಹೊಸ ಸಾಮಾನು ಬಂತು, ಹೊಸ ನೀಲಿ ಡಬ್ಬಿಯೂ ಬಂತು. ಪಕ್ಕದಲ್ಲಿ ಪನ್ನೀರಿನ ಬಾಟಲಿ ಹಾಗೇ ಇತ್ತು. ಹಳದಿ ಉಗುರಿನ ಹೆಂಗಸು ಮುಂದಿನ ತಿಂಗಳು ಮತ್ತೆ ಬಂದರು, ಮೇಡಂ ಎದ್ದು ನಿಂತು ಸ್ವಾಗತಿಸಿದರು. ಮರುದಿನ ನಾನು ಕೆಲಸ ಬಿಟ್ಟೆ. ದೊಡ್ಡ ಧೈರ್ಯ ಮಾಡಿದೆ ಎಂದು ಹೇಳಿಕೊಳ್ಳುವುದಿಲ್ಲ. ಹೋಗುವಾಗ ಮೇಡಂ ಕಾಲಿಗೆ ನಮಸ್ಕಾರ ಮಾಡಿಯೇ ಹೋದೆ.

ಈಗ ಹೊಸನಗರದ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಮೇಲೆ ನನ್ನದೇ ಸಣ್ಣ ಪಾರ್ಲರ್ ಇದೆ. ಬಂದವರ ಎದುರಿಗೇ ಸಾಮಾನು ಕುಕ್ಕರಿನಿಂದ ತೆಗೆಯುತ್ತೇನೆ. ಫೈಲ್ ಒಬ್ಬರಿಗೆ ಒಂದು, ಆಮೇಲೆ ಕಸಕ್ಕೆ. ಊದಿದ ಉಗುರು ಕಂಡರೆ ಯಾರೇ ಆಗಲಿ ವಾಪಸ್ ಕಳಿಸುತ್ತೇನೆ. ಇದರಿಂದ ನನಗೆ ಒಳ್ಳೆಯ ಹೆಸರು ಬಂದಿದೆ ಎಂದುಕೊಳ್ಳಬೇಡಿ. ಜಂಬದವಳು ಎಂದು ಹೆಸರು ಬಂದಿದೆ. 'ನಮಗೆ ಬೇರೆ ಇಟ್ಟಿದೀಯಾ?' ಎಂದು ಕೇಳುವವರು ಇಲ್ಲೂ ಇದ್ದಾರೆ. ಎಲ್ಲರಿಗೂ ಒಂದೇ, ಕುದಿಸಿದ್ದು ಎಂದರೆ, ಇನ್ನೊಂದು ದಿನ ಬರುತ್ತೇವೆ ಎಂದು ಹೋಗುತ್ತಾರೆ.

ಅಮ್ಮನೂ ನನ್ನ ಜೊತೆಗೇ ಇದ್ದಾಳೆ. ಮುಂದಿನ ಸುಗ್ಗಿಯಲ್ಲಿ ಮಣೆಯ ಮೇಲೆ ಕೂತು ನೋಡಿದಳು. ಅರ್ಧ ಹೆಬ್ಬೆರಳಿಗೆ ಕಾಯಿ ನಿಲ್ಲಲಿಲ್ಲ, ಜಾರಿ ಜಾರಿ ಬಿತ್ತು. ಮೂರನೇ ದಿನ ಕೆಲಸಕ್ಕೆ ಕರೆದ ಮನೆಯವರು, ನೀನು ಸಿಪ್ಪೆ ಹೊತ್ತು ಹಾಕು ಸಾಕು ಎಂದರಂತೆ. ಸುಲಿಯುವವರ ಸಾಲಿನಲ್ಲಿ ಮೂವತ್ತು ವರ್ಷ ಮೊದಲಿಗಳಾಗಿ ಕೂತವಳು ಸಿಪ್ಪೆ ಹೊರಲಿಲ್ಲ, ನನ್ನ ಹತ್ತಿರ ಬಂದಳು. ಪಾರ್ಲರಿನ ಟವೆಲ್ ಮಡಚುತ್ತಾಳೆ.

ಹೋದ ತಿಂಗಳು ಒಂದು ಮಧ್ಯಾಹ್ನ, ಯಾರೂ ಬಂದಿರಲಿಲ್ಲ. ಅವಳು ಟವೆಲ್ ಮಡಚುತ್ತಿದ್ದದ್ದನ್ನು ನೋಡುತ್ತ ಕೂತಿದ್ದ ನನಗೆ ಇನ್ನು ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ. ಆ ಬೆಳಿಗ್ಗೆ ಬಂದವರ ಕಾಲು, ಪನ್ನೀರು, ಕೆಂಪು ಡಬ್ಬಿಯೇ ಚೊಕ್ಕಟವಿತ್ತೆಂಬುದು, ಫೋನಿನಲ್ಲಿ ಬೇಕೆಂದೇ ಸುಮ್ಮನಾದದ್ದು, ಎಲ್ಲ. ಬೈಯಲಿ, ಹೊಡೆಯಲಿ, ಅತ್ತುಬಿಡಲಿ ಎಂದು ಕಾದೆ. ಅವಳು ಕೈಯಲ್ಲಿದ್ದ ಟವೆಲ್ ಕೆಳಗಿಟ್ಟಳು.

"ನನ್ನ ಕೈಗೆ ಹಾಕಿದ್ಮೇಲೆ ಆ ಸಾಮಾನು ಕುದ್ಸಿದ್ಯಾ?" ಎಂದು ಕೇಳಿದಳು.

"ಇಲ್ಲ ಅಮ್ಮ. ಒರೆಸಿ ಹಂಗೇ ಇಟ್ಟೆ."

"ಅದನ್ನೇ ಮತ್ತೆ ಅವರಿಗೆಲ್ಲ ಹಾಕಿದ್ಯಾ?"

"ಹಾಕ್ದೆ. ಹತ್ತು ಹನ್ನೆರಡು ದಿನ."

"ಅಯ್ಯೋ" ಎಂದಳು ಅಮ್ಮ. ಅವಳ ಮುಖದಲ್ಲಿ ಬಂದದ್ದು ಸಿಟ್ಟಲ್ಲ, ಗಾಬರಿ. "ನನ್ನ ಕೈ ಗಲೀಜು ಅವರ್ಯಾರಿಗೂ ಹತ್ತಲಿಲ್ಲ ತಾನೇ?"

ನನಗೆ ಚೀರಿಬಿಡಬೇಕು ಎನಿಸಿತು. ಗಲೀಜು ನಿನ್ನದಲ್ಲ ಎಂದು ಹೇಳಲು ಬಾಯಿ ತೆರೆದೆ. ಈಗಷ್ಟೇ ಅದನ್ನೇ ಹೇಳಿದ್ದೆನಲ್ಲ, ಅದೇ ಅವಳ ಕಿವಿಗೆ ಹೋಗಿರಲಿಲ್ಲ. ಅವಳು ಉತ್ತರಕ್ಕೆ ಕಾಯುತ್ತಿದ್ದಳು.

"ಇಲ್ಲ ಅಮ್ಮ, ಯಾರಿಗೂ ಏನೂ ಆಗ್ಲಿಲ್ಲ" ಎಂದೆ.

"ಸದ್ಯ" ಎಂದು ಉಸಿರು ಬಿಟ್ಟು, ಅಮ್ಮ ಟವೆಲ್ ಎತ್ತಿಕೊಂಡಳು.