ಹಿಂದಿನ ಕೋಣೆಯ ಬಾಗಿಲು ತೋರಿಸಿದ ಬಕೆಟ್ ಅಕ್ಕ

ಮಗಳಿಗೆ ಆರು ವರ್ಷವಿದ್ದಾಗ ಈ ಅಕ್ಕ ಅವಳಿಗೊಂದು ಮಾತು ಕೊಟ್ಟಿದ್ದರು. ನಾಯಿಮರಿಗಳನ್ನು ಹುಟ್ಟಿಸಿ ಮಾರುವ ಶೆಡ್ಡಿನಲ್ಲಿ ನೆಲ ತೊಳೆಯುವ ಕೆಲಸ ಸಿಕ್ಕ ದಿನ ಅದು. “ನೋಡ್ತಿರು, ನಾನು ಕೆಲಸ ಮಾಡೋ ಕಡೆಯಿಂದಲೇ ನಿಂಗೊಂದು ಮರಿ ತಂದ್ಕೊಡ್ತೀನಿ.” ಮಗಳಿಗೀಗ ಹದಿನೇಳು.

ಬೆಳಗಿನ ಐದೂವರೆ. ಊರಂಚಿನ ನಾಯಿಗಳ ಆಶ್ರಯಧಾಮದಲ್ಲಿ ಇನ್ನೂ ದೀಪ ಆರಿಸಿಲ್ಲ. ಎರಡು ಕೈಗೆ ಎರಡು ಬಕೆಟ್ ಬಿಸಿನೀರು ಹಿಡಿದ ಹೆಂಗಸೊಬ್ಬರು ಗೂಡಿನ ಬಾಗಿಲನ್ನು ಮೊಣಕೈಯಿಂದ ತಳ್ಳಿ, ಹಿಂದು ಹಿಂದಕ್ಕೆ ನಡೆಯುತ್ತ ಒಳಗೆ ಹೋಗುತ್ತಾರೆ. ಮೂಲೆಯಲ್ಲಿ ಮುದುಡಿರುವ ನಾಯಿಗೆ ಬೆನ್ನು ಮಾಡಿ ಕೂತು, ನೆಲ ಉಜ್ಜಲು ತೊಡಗುತ್ತಾರೆ. ಅಪ್ಪಿತಪ್ಪಿಯೂ ತಿರುಗಿ ನೋಡುವುದಿಲ್ಲ.

“ಬೆನ್ನು ತೋರಿಸಿದ್ರೆ ಅವಕ್ಕೆ ಧೈರ್ಯ. ಮುಖ ನೋಡಿದ್ವೋ, ಎತ್ಕೊಂಡು ಹೋಗೋಕೆ ಬಂದ್ಲು ಅಂದ್ಕೊಳ್ತಾವೆ” ಎನ್ನುತ್ತಾರೆ, ಗೋಡೆಯ ಕಡೆ ಮುಖ ಮಾಡಿಕೊಂಡೇ. ನಾನೂ ಗೋಡೆಯ ಜೊತೆಗೇ ಮಾತಾಡಬೇಕು. ಆಮೇಲೆ ಅವರೇ ನಗುತ್ತಾರೆ: “ನನ್ನ ಗಂಡ ಬದುಕಿದ್ದಾಗ ಹೇಳ್ತಿದ್ರು, ನಿನ್ನ ಮುಖಕ್ಕಿಂತ ಬೆನ್ನೇ ವಾಸಿ ಅಂತ. ಈಗ ಅದೇ ಅನ್ನ ಹಾಕ್ತಿದೆ.”

ಇಲ್ಲಿ ಎಲ್ಲರೂ ಅವರನ್ನು ಬಕೆಟ್ ಅಕ್ಕ ಎಂದೇ ಕರೆಯುತ್ತಾರೆ. ಕಳೆದ ವಾರದವರೆಗೆ ಮೂವತ್ತೊಂದು ನಾಯಿಗಳು, ದಿನಕ್ಕೆ ಹದಿನೆಂಟು ಬಕೆಟ್ ನೀರು, ಎರಡು ಹೊತ್ತು ತಟ್ಟೆ ತೊಳೆತ. ಬೆರಳ ಸಂದಿಯ ಚರ್ಮ ನೀರು ಕುಡಿದೂ ಕುಡಿದೂ ಬೆಳ್ಳಗಾಗಿದೆ. ಮೂವತ್ತೊಂದರಲ್ಲಿ ಒಂಬತ್ತು ಆ ಶೆಡ್ಡಿನಿಂದಲೇ ಬಂದ ತಾಯಿನಾಯಿಗಳು.

ಮಕ್ಕಳಿರುವ ಮನೆಗೆ ಒಂದಲ್ಲ ಒಂದು ದಿನ ನಾಯಿಮರಿಯ ಹಟ ಬಂದೇ ಬರುತ್ತದೆ. ಊಟ ಬಿಡುವುದು, ನೆಲಕ್ಕೆ ಬೀಳುವುದು ಎಲ್ಲ ಆದ ಮೇಲೆ ನಾವು ಸೋತು ಹೋಗಿ ಒಂದು ಮರಿ ತರುತ್ತೇವೆ. ಅಂಥವರಿಗೆ ಆ ಶೆಡ್ಡಿನಲ್ಲಿ ಮುಂದಿನ ಕೋಣೆಯನ್ನು ಮಾತ್ರ ತೋರಿಸುತ್ತಿದ್ದರು. ಗಾಜಿನ ಬಾಗಿಲು, ಬಣ್ಣದ ಬುಟ್ಟಿ, ಸ್ನಾನ ಮಾಡಿಸಿ ಒರೆಸಿಟ್ಟ ಮರಿಗಳು. ಮರಿಯ ತಾಯಿ ಎಲ್ಲಿ ಎಂದು ಕೇಳಿದವರು ಹತ್ತು ವರ್ಷದಲ್ಲಿ ಇಬ್ಬರೋ ಮೂವರೋ ಎಂದು ಅಕ್ಕ ನೆನೆಯುತ್ತಾರೆ.

ತಾಯಂದಿರು ಹಿಂದಿನ ಕೋಣೆಯಲ್ಲಿದ್ದರು. ಒಂದರ ಮೇಲೊಂದು ಪಂಜರ. ನೆಲವೂ ತಂತಿಯದೇ, ಗಲೀಜು ಕೆಳಗೆ ಬೀಳಲೆಂದು. ತಂತಿಯ ಮೇಲೆ ನಿಂತು ನಿಂತು ಪಾದ ಹರವಿಕೊಂಡಿದ್ದವು. ಸವೆಯದ ಉಗುರು ಸುತ್ತಿಕೊಂಡು ಮಾಂಸಕ್ಕೇ ಚುಚ್ಚಿತ್ತು. ಸರಳು ಕಚ್ಚಿ ಹಲ್ಲು ಮುರಿದುಕೊಂಡಿದ್ದವು. ಬೆದೆಗೆ ಬಂದಾಗಲೆಲ್ಲ ಗಬ್ಬ, ಹೆತ್ತು ಐದನೇ ವಾರಕ್ಕೇ ಮರಿ ಮುಂದಿನ ಕೋಣೆಗೆ. “ಜನ ನಾಯಿಪಾಡು ನಾಯಿಪಾಡು ಅಂತಾರಲ್ಲ, ಅವ್ರು ಯಾರೂ ನೋಡಿಲ್ಲ ಬಿಡಿ” ಎನ್ನುತ್ತಾರೆ ಅಕ್ಕ.

ಕೆಲಸಕ್ಕೆ ಸೇರಿದ ಎರಡನೇ ವರ್ಷ ಮಾಲೀಕ ತಾನಾಗಿಯೇ ಒಂದು ಸಣಕಲು ಮರಿಯನ್ನು ಇವರಿಗೆ ಕೊಡಲು ಬಂದನಂತೆ. “ತಗೊಂಡ್ಹೋಗು, ಇದನ್ನ ಯಾರೂ ಕೊಳ್ಳಲ್ಲ ಅಂದ್ರು. ಅದರ ತಾಯಿ ಸರಳಿಗೆ ಮೂತಿ ಒತ್ತಿಕೊಂಡು ನನ್ನೇ ನೋಡ್ತಿತ್ತು. ನಾನೂ ಹೆತ್ತವಳೇ ಅಲ್ವಾ? ಕೈ ಮುಂದೆ ಬರ್ಲಿಲ್ಲ. ಬರಿಗೈಲಿ ಮನೆಗೆ ಹೋದೆ. ಮಗಳು ಎರಡು ದಿನ ಮಾತೇ ಬಿಟ್ಲು.”

ಹಾಗಾದರೆ ಹತ್ತು ವರ್ಷ ಅಲ್ಲೇ ಏಕೆ ಇದ್ದಿರಿ? ಈ ಪ್ರಶ್ನೆಗೆ ಉಜ್ಜುವ ಕೈ ನಿಲ್ಲುತ್ತದೆ. “ಹೊಟ್ಟೆಪಾಡು. ಬೇರೆ ಏನ್ ಹೇಳ್ಲಿ? ನಾನೂ ಬಿಟ್ರೆ ಅವಕ್ಕೆ ನೀರಿಡೋರು ಯಾರು ಅಂತ ನಂಗೆ ನಾನೇ ಹೇಳ್ಕೊಳ್ತಿದ್ದೆ. ಅದರಲ್ಲಿ ಅರ್ಧ ನಿಜ.”

ಹತ್ತು ತಿಂಗಳ ಹಿಂದೆ, ಅಲ್ಲಿ ಕೊಂಡ ಮರಿಯೊಂದು ಮೂರೇ ದಿನಕ್ಕೆ ಸತ್ತಿತೆಂದು ಯಾರೋ ದೂರು ಕೊಟ್ಟರು. ತಪಾಸಣೆಗೆ ಬಂದವರು ಮುಂದಿನ ಕೋಣೆ ನೋಡಿ, ಎಲ್ಲ ಸರಿಯಿದೆ ಎಂದು ಬರೆದುಕೊಂಡು ಹೊರಟಿದ್ದರು. ಅವರೊಂದಿಗೆ ಬಂದಿದ್ದ, ಈ ಧಾಮದ ಪಶುವೈದ್ಯೆ ಇನ್ನೂ ಚಪ್ಪಲಿ ಮೆಟ್ಟುತ್ತಿದ್ದಾಗ, ಮಾಲೀಕನ ಎದುರೇ ಅಕ್ಕ ಬಕೆಟ್ ಕೆಳಗಿಟ್ಟರು. “ಹಿಂದೆ ಇನ್ನೊಂದು ಕೋಣೆ ಇದೆ, ಡಾಕ್ಟರಮ್ಮ.”

ಶೆಡ್ಡಿಗೆ ಬೀಗ ಬಿತ್ತು, ಅಕ್ಕನ ಕೆಲಸವೂ ಹೋಯಿತು. ಡಾಕ್ಟರಮ್ಮ ನಾಯಿಗಳ ಜೊತೆಗೆ ಇವರನ್ನೂ ಕರೆತಂದರು. “ಆ ಒಂದು ಮಾತಿಗೆ ನಾನು ಜನ್ಮವಿಡೀ ಋಣಿ” ಎನ್ನುತ್ತಾರೆ ವೈದ್ಯೆ. “ಅವತ್ತು ನಾನೂ ಸಹಿ ಹಾಕಿ ಹೊರಟವಳೇ.”

ಆದರೆ ಇಲ್ಲಿಗೆ ಬಂದ ತಾಯಂದಿರು ಗೂಡಿನಿಂದ ಹೊರಗೆ ಕಾಲಿಡಲಿಲ್ಲ. ಅದರಲ್ಲೂ ಎಲ್ಲಕ್ಕಿಂತ ಹಿರಿಯಳು, ಹನ್ನೊಂದು ಬಾರಿ ಹೆತ್ತ ‘ದೊಡ್ಡಮ್ಮ’ ಎಂಬ ನಾಯಿ. ನೆಲದ ಮೇಲೆ ನಡೆಯಲು ಬಾರದ ನಾಯಿಯನ್ನು ಯಾವ ಮನೆಯವರು ಒಯ್ಯುತ್ತಾರೆ? ಹೃದಯ ಬೇರೆ ದುರ್ಬಲ. ಉಳಿದಿರುವ ದಿನಗಳೇ ಕಡಿಮೆ. ಅಕ್ಕ ಬಾಗಿಲು ತೆರೆದಿಟ್ಟು ಕಾದರು, ಅನ್ನದ ಉಂಡೆ ಇಟ್ಟು ಕರೆದರು. ನಾಲ್ಕು ತಿಂಗಳು ಕಳೆಯಿತು. ಬೆಳಗಾದರೆ ಸಾಕು, ಒಂಬತ್ತೂ ಗೋಡೆಗೆ ಅಂಟಿಕೊಂಡು ನಡುಗುತ್ತಿದ್ದವು.

ಒಂದು ದಿನ ಫಿನಾಯಿಲ್ ಮುಗಿದಿತ್ತು. ಅಕ್ಕ ಬರೀ ಬಿಸಿನೀರಿನಲ್ಲಿ ತೊಳೆದರು. ಅವತ್ತು ಯಾವುದೂ ನಡುಗಲಿಲ್ಲ. ದೊಡ್ಡಮ್ಮ ಎದ್ದು ಬಾಗಿಲವರೆಗೆ ಬಂದು, ಒಂದು ಕಾಲನ್ನು ಮಣ್ಣಿನ ಮೇಲಿಟ್ಟು, ಸುಟ್ಟಂತೆ ಹಿಂದೆಳೆದು, ಮತ್ತೆ ಇಟ್ಟಳು.

“ತಲೆಗೆ ಹೊಳೀತು ನೋಡಿ. ಆ ಶೆಡ್ಡಿನಲ್ಲಿ ಗಿರಾಕಿ ಬರೋ ದಿನ ಮಾತ್ರ ಫಿನಾಯಿಲ್ ಹಾಕಿಸ್ತಿದ್ರು. ಸಂಜೆ ಹೊತ್ತಿಗೆ ಮರಿ ಇರ್ತಿರ್ಲಿಲ್ಲ. ನಾನು ಇಲ್ಲಿ, ನನ್ನ ಮಕ್ಕಳು ಚೆನ್ನಾಗಿರ್ಲಿ ಅಂತ ದಿನಾ ಎರಡು ಮುಚ್ಚಳ ಜಾಸ್ತಿನೇ ಸುರೀತಿದ್ದೆ. ಪ್ರೀತಿ ಮಾಡಿ ಮಾಡಿ ಹೆದರಿಸಿದೀನಿ.” ಅಂದು ಅವರು ಬಕೆಟ್ ಬೋರಲು ಹಾಕಿ, ಅದರ ಮೇಲೆ ಕೂತು ಅತ್ತರಂತೆ. ಆ ನಾಯಿಗಳ ಗೂಡಿಗೆ ಈಗ ಕುದಿಯುವ ನೀರು, ವಾಸನೆಯಿಲ್ಲದ ಸೋಪು, ಅಷ್ಟೇ.

ಎಂಟು ತಾಯಂದಿರಿಗೆ ಮನೆಗಳು ಗೊತ್ತಾದವು, ಒಂದೊಂದಾಗಿ ಹೊರಡಲಿವೆ. ದೊಡ್ಡಮ್ಮನನ್ನು ಮಾತ್ರ ಯಾರೂ ಕೇಳಲಿಲ್ಲ. ಬಂದವರೆಲ್ಲ ಅವಳನ್ನು ದಾಟಿಕೊಂಡು ಹೋಗಿ “ಮರಿ ಇಲ್ವಾ?” ಎನ್ನುತ್ತಿದ್ದರು. ಅಮ್ಮನಿಗೆ ಊಟದ ಡಬ್ಬಿ ತರುವ ಮಗಳು ಇದನ್ನು ವಾರಗಟ್ಟಲೆ ನೋಡಿದಳು.

“ಇವಳನ್ನ ಯಾರು ಕರ್ಕೊಂಡು ಹೋಗ್ತಾರಮ್ಮ?”

“ಯಾರೂ ಇಲ್ಲ ಕಣೆ. ಹಲ್ಲಿಲ್ಲ, ಕಿವಿ ಕೇಳ್ಸಲ್ಲ.”

“ಅಜ್ಜಿಗೂ ಹಲ್ಲಿರ್ಲಿಲ್ಲ. ಮನೇಲಿ ಇಟ್ಕೊಂಡಿರ್ಲಿಲ್ವಾ?”

“ನಿಂಗೆ ಮರಿ ಅಂದಿದ್ದೆ...”

“ನಾನೇನು ಇನ್ನೂ ಆರು ವರ್ಷದವಳಾ? ನಡಿ, ಹೊತ್ತಾಯ್ತು.”

ಕಳೆದ ಭಾನುವಾರ ದೊಡ್ಡಮ್ಮನನ್ನು ತಮ್ಮ ಮನೆಯ ಅಂಗಳಕ್ಕೆ ತಂದು ಬಿಟ್ಟು, ಅಮ್ಮ ಮಗಳು ಇಬ್ಬರೂ ಅವಳಿಗೆ ಬೆನ್ನು ಮಾಡಿಕೊಂಡೇ ಒಳಗೆ ಹೋದರು. ಕಾಲು ಗಂಟೆಯ ನಂತರ ದೊಡ್ಡಮ್ಮ ಹಿಂಬಾಲಿಸಿದಳು. ಈಗ ಮಗಳ ಮಂಚದ ಕೆಳಗೆ ಮಲಗುತ್ತಾಳೆ.

ಮರಿ ತಂದುಕೊಡುತ್ತೇನೆ ಎಂದ ಮಾತನ್ನು ಅಕ್ಕ ನಡೆಸಿಕೊಡಲಿಲ್ಲ.