ಹೊನ್ನಕ್ಕನ ಗಿಳಿಗೆ ಗಾಜಿನ ಕಣ್ಣು

ಹೊನ್ನಕ್ಕ ಬೀದಿ ನಲ್ಲಿಯ ಕಟ್ಟೆಯ ಮೇಲೆ ಕೊಡ ಇಟ್ಟಳು. ಅಲ್ಲಿದ್ದ ಹೆಂಗಸರೆಲ್ಲ ಮಾತು ನಿಲ್ಲಿಸಿದರು. ಅವಳು ಬಂದರೆ ಮಾತು ಜೋರಾಗುತ್ತಿತ್ತೇ ಹೊರತು ನಿಂತದ್ದನ್ನು ಆ ವಠಾರದಲ್ಲಿ ಯಾರೂ ಕಂಡಿರಲಿಲ್ಲ.

"ಏನ್ರವ್ವಾ, ನನ್ನ ಮಾರಿ ಮ್ಯಾಲೆ ಏನಾರ ಬರ್ದೈತೇನು?" ಎಂದಳು.

ಎದುರು ಮನೆಯ ಉಚ್ಚೆಂಗೆಮ್ಮ ಮಡಿಲಿನಿಂದ ಒಂದು ಉಣ್ಣೆಯ ಗಿಳಿಯನ್ನು ತೆಗೆದು ಹೊನ್ನಕ್ಕನ ಕೈಗಿಟ್ಟಳು. ಹೆರಿಗೆಗೆ ಬಂದ ಮಗಳ ಕೂಸಿನ ತೊಟ್ಟಿಲ ಮೇಲೆ ತೂಗಿಬಿಡಲೆಂದು ತಾನೇ ಕೇಳಿ ಹೊನ್ನಕ್ಕನಿಂದ ಮಾಡಿಸಿಕೊಂಡ ಗಿಳಿ ಅದು.

"ಸಿಟ್ಟಾಗಬ್ಯಾಡ ಹೊನ್ನಕ್ಕ. ನಮ್ಮ ತೊಟ್ಲಿಗೆ ಇದು ಬ್ಯಾಡ. ಹರಿಹರದಾಗೆ ಮರುಳಸಿದ್ದಮ್ಮನ ಮೊಮ್ಮಗನ ಗಂಟ್ಲಾಗೆ ನಿನ್ನ ಗಿಳಿ ಕಣ್ಣು ಹೊಕ್ಕಿತ್ತಂತೆ. ಗಾಜಿನ ಮಣಿ. ಬೆರಳು ಹಾಕಿ ತೆಗೆದ್ರಂತೆ. ಕೂಸು ಉಳಿದಿದ್ದೇ ಪುಣ್ಯ."

"ಗಾಜಿನ ಮಣಿ ನಾ ಯಾವತ್ತು ಹಚ್ಚೀನೇ?"

"ನಂಗೇನು ಗೊತ್ತು ತಾಯಿ? ಅಂಗಡಿಯವರು ಹೊನ್ನಕ್ಕನ ಗಿಳಿ ಅಂತಾನೇ ಮಾರಿದ್ರಂತೆ."

"ಮೊನ್ನೆ ನಿನ್ನ ತೊಟ್ಲ ಮುಂದೆ ಕುಂತು, ನಿನ್ನ ಕಣ್ಣೆದುರಿಗೇ ಇದಕ್ಕೆ ದಾರದಾಗೆ ಕಣ್ಣು ಹಾಕಿದ್ನಲ್ಲೇ! ನೀನೇ ದೀಪ ಹಿಡಿದಿದ್ದಿ!"

ಉಚ್ಚೆಂಗೆಮ್ಮ ನೆಲ ನೋಡಿದಳು. "ಯಾಕ ಬೇಕು ಅನುಮಾನ" ಎಂದಷ್ಟೇ ಹೇಳಿ ಕೊಡ ಎತ್ತಿಕೊಂಡು ಹೋದಳು.

ಹೊನ್ನಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಯಾರೋ ಏನೋ ಅಂದದ್ದನ್ನು ನಂಬಿದ್ದಾರೆ ಎಂದಲ್ಲ, ಕಣ್ಣಾರೆ ಕಂಡವಳೂ ನಂಬಿದಳಲ್ಲ ಎಂದು.

ಆನಗೋಡಿನ ಕಂಬಳಿ ನೇಯುವ ಮನೆಯಲ್ಲಿ ಹುಟ್ಟಿದವಳು ಅವಳು. ಬೊಗಸೆ ತುಂಬ ಉಣ್ಣೆ ಹಿಡಿದರೆ ಕುರಿ ಎಳೆಯದೋ ಮುದಿಯದೋ ಎಂದು ಹೇಳುತ್ತಿದ್ದಳು. ಹೇಳಿದ್ದು ಆಗಾಗ ತಪ್ಪುತ್ತಿತ್ತು, ತಪ್ಪೆಂದು ಒಪ್ಪಿಕೊಂಡದ್ದು ಮಾತ್ರ ಇಲ್ಲ. ಗಂಡ ಪಾಲಯ್ಯನಿಗೆ ದಾವಣಗೆರೆಯ ಹತ್ತಿ ಗಿರಣಿಯಲ್ಲಿ ಕೆಲಸ ಸಿಕ್ಕ ಮೇಲೆ ಈ ವಠಾರಕ್ಕೆ ಬಂದಳು. ಪಕ್ಕದ ಮನೆಯ ದಿಲ್ಷಾದ್ ಬೇಗಂ ಎರಡು ಕಡ್ಡಿ ಹಿಡಿದು ಟೋಪಿ, ಕಾಲುಚೀಲ ಹೆಣೆಯುತ್ತಿದ್ದಳು. ಹೊನ್ನಕ್ಕ ಅವಳ ಎದುರಿಗೆ ಕುಳಿತು ಹೆಣಿಗೆ ಕಲಿತಳು. ತವರಿನ ಕಂಬಳಿಯ ಬುದ್ಧಿಯನ್ನು ಅದಕ್ಕೆ ಸೇರಿಸಿದಳು. ಗಿಳಿಯ ಮೈಯನ್ನು ಬೇಕಾದ್ದಕ್ಕಿಂತ ದೊಡ್ಡದಾಗಿ, ಸಡಿಲವಾಗಿ ಹೆಣೆದು, ಸುಡುವ ನೀರಿನಲ್ಲಿ ಅಂಟುವಾಳದ ನೊರೆ ಹಾಕಿ ತಿಕ್ಕಿ ತಿಕ್ಕಿ ಕುಕ್ಕುವಳು. ಹೆಣಿಗೆಯ ತೂತುಗಳೆಲ್ಲ ಮುಚ್ಚಿ, ಉಣ್ಣೆ ಒಂದಕ್ಕೊಂದು ಹಿಡಿದುಕೊಂಡು, ಅಂಗೈಯಗಲದ ಗಟ್ಟಿ ಗಿಳಿಯಾಗುತ್ತಿತ್ತು. ಒಣಗಿದ ಮೇಲೆ ಒಳಗೆ ಉಣ್ಣೆಯ ಚೂರು ತುಂಬಿ, ಕೆಂಪು ಕೊಕ್ಕು, ಕೊರಳಿಗೆ ಕೆಂಪು ಪಟ್ಟಿ, ರೆಕ್ಕೆಗೆ ಹಳದಿ ಎಳೆ, ಬಾಲಕ್ಕೆ ಕುಚ್ಚು.

ಈ ಅಲಂಕಾರದ ಹೊತ್ತಿಗೇ ಇಬ್ಬರಿಗೂ ಜಗಳ. ದಿಲ್ಷಾದಳಿಗೆ ಮಿನುಗಿದರೇನೇ ಚೆಂದ.

"ಒಂದು ಚಮಕಿ ಹಚ್ಚಿದ್ರೆ ನಿನ್ನ ಗಿಳಿ ಹಾರಿ ಹೋಗ್ತೈತಾ ಹೊನ್ನಕ್ಕಾ? ಮದುವಣಗಿತ್ತಿ ಹಂಗೆ ಕಾಣ್ಬೇಕು."

"ಮದುವಣಗಿತ್ತೀನ ಯಾರೂ ಬಾಯಾಗೆ ಹಾಕ್ಕೊಳಲ್ಲ ಬೂಬಮ್ಮ."

ಕೂಸಿನ ಕೈಗೆ ಸಿಕ್ಕಿದ್ದು ಬಾಯಿಗೇ. ತೊಟ್ಟಿಲ ಮೇಲೆ ಎಷ್ಟೇ ಎತ್ತರಕ್ಕೆ ಕಟ್ಟಿದರೂ, ಎತ್ತಿಕೊಂಡವರ ಹೆಗಲಿನಿಂದಲೇ ಕೈಚಾಚಿ ಎಳೆಯುತ್ತದೆ. ತಾಯಿ ಒಲೆಯ ಮೇಲಿನ ಹಾಲು ನೋಡಿ ಬರುವಷ್ಟರಲ್ಲಿ ಏನಾಗಬೇಕೋ ಅದು ಆಗಿಹೋಗಿರುತ್ತದೆ. ಅದಕ್ಕೇ ಹೊನ್ನಕ್ಕ ಮುಗಿದ ಪ್ರತಿ ಗಿಳಿಯನ್ನೂ ತನ್ನ ಹಲ್ಲಿನಲ್ಲಿ ಕಚ್ಚಿ ಜಗ್ಗುತ್ತಿದ್ದಳು. ಕೊಕ್ಕು, ರೆಕ್ಕೆ, ಕುಚ್ಚು ಎಲ್ಲ. ಬಿಟ್ಟುಕೊಂಡದ್ದು ಒಲೆಗೆ.

ಕಣ್ಣು ಮಾತ್ರ ಮನೆಯಲ್ಲಿ ಹಾಕುತ್ತಿರಲಿಲ್ಲ. ಕಣ್ಣು ಬಂದ ಗಿಳಿ ಮೊದಲು ಯಾರನ್ನು ಕಾಣುತ್ತದೋ ಅವರನ್ನೇ ಕಾಯುತ್ತದೆ ಎಂಬುದು ಅವಳ ತಾಯಿಯ ಮಾತು. ಹಾಗಾಗಿ ಕುರುಡು ಗಿಳಿಯನ್ನೇ ಮಡಿಲಲ್ಲಿ ಕಟ್ಟಿಕೊಂಡು ಹೋಗಿ, ತೊಟ್ಟಿಲ ಮುಂದೆ ಕುಳಿತು, ಕೂಸಿನ ಕಡೆ ಮುಖ ಮಾಡಿ, ಕಪ್ಪು ದಾರದ ಬಿಗಿಗಂಟಿನಲ್ಲಿ ಕಣ್ಣು ತೆರೆಸುವಳು.

ಹರಿಹರದ ಸ್ಟೇಷನ್ ರಸ್ತೆಯಲ್ಲಿ ಬಳೆ, ರಿಬ್ಬನ್ನು, ಗೊಂಬೆಗಳ ಅಂಗಡಿ ಇಟ್ಟಿದ್ದ ವಾಮದೇವಪ್ಪನ ಮೊಮ್ಮಗನ ತೊಟ್ಟಿಲಿಗೂ ಹೀಗೆಯೇ ಹೋಗಿ ಹಾಕಿ ಬಂದಿದ್ದಳು. ಆಗ ಅವನು, "ಕಾರ್ಖಾನೆ ಬಂದ ಮ್ಯಾಲೆ ನಮ್ಮೂರಾಗೆ ಹೊಸ ಸಂಸಾರ ಬಾಳ ಬಂದಾವೆ. ಒಂದಿಷ್ಟು ಗಿಳಿ ಅಂಗಡೀಗೆ ಕೊಡು. ಯಾರಾರ ತಗೊಂಡ್ರೆ ಹೇಳಿ ಕಳಿಸ್ತೀನಿ, ನೀ ಬಂದು ಅವರ ಮನೇಲಿ ಕಣ್ಣು ಹಾಕು" ಎಂದಿದ್ದ. ಒಂದು ಬುಟ್ಟಿ ಕುರುಡು ಗಿಳಿ ಕೊಟ್ಟು ಬಂದಳು. ಅವನು ಹೇಳಿಕಳಿಸಲೇ ಇಲ್ಲ. ಮಾರಿಲ್ಲವೇನೋ ಅಂದುಕೊಂಡಿದ್ದಳು.

ಮನೆಗೆ ಬಂದವಳೇ ಕೊಡವನ್ನು ಕುಕ್ಕಿ, ದಿಲ್ಷಾದಳಿಗೆ ಎಲ್ಲ ಹೇಳಿದಳು. ದಿಲ್ಷಾದ್ ಕೈಲಿದ್ದ ಕಡ್ಡಿ ಕೆಳಗಿಟ್ಟು, "ಯಾ ಅಲ್ಲಾ! ಒಂದು ಕೂಸಿಗೆ ಹಿಂಗಾದ್ರೆ ಉಳಿದ ಗಿಳಿಗಳು ಎಲ್ಲೆಲ್ಲಿ ತೂಗ್ತಾ ಅವೆ?" ಎಂದಳು.

ಹೊನ್ನಕ್ಕನ ಸಿಟ್ಟಿನೊಳಗೆ ತಣ್ಣನೆಯದೊಂದು ಹೊಕ್ಕಿತು. ಅಷ್ಟು ಹೊತ್ತೂ ಅವಳು ತನ್ನ ಹೆಸರು ಕೆಟ್ಟದ್ದನ್ನೇ ನೆನೆಯುತ್ತಿದ್ದಳು. ಇನ್ನೂ ಎಷ್ಟು ತೊಟ್ಟಿಲುಗಳ ಮೇಲೆ ಅಂಥ ಕಣ್ಣುಗಳು ತೂಗುತ್ತಿವೆಯೋ? ಈಗ, ಈ ಗಳಿಗೆಯಲ್ಲಿ, ಯಾವ ಕೂಸು ಕೈಚಾಚುತ್ತಿದೆಯೋ? ಸೂಜಿ, ಕಪ್ಪು ದಾರ, ಕತ್ತರಿ ಚೀಲಕ್ಕೆ ಹಾಕಿಕೊಂಡು ಸಿಕ್ಕ ರೈಲು ಹತ್ತಿದಳು.

ವಾಮದೇವಪ್ಪ ಗಿರಾಕಿಗೆ ರಿಬ್ಬನ್ನು ಅಳೆಯುತ್ತಿದ್ದ. "ಬಾ ಹೊನ್ನಕ್ಕ, ನಿನ್ನ ಗಿಳಿ ಎಲ್ಲಾ ಖಾಲಿ!" ಎಂದು ನಕ್ಕ.

"ನನ್ನ ಗಿಳಿಗೆ ಮಣಿ ಹಚ್ಚಾಕೆ ಯಾರು ಹೇಳಿದ್ರಿ ನಿಮಗೆ?"

"ಕಣ್ಣಿಲ್ಲದ್ದು ಯಾರು ತಗೊಂತಾರೆ? ಅಪಶಕುನ ಅಂತಾರೆ. ನಿನ್ನ ದಾರಿ ಕಾಯ್ಕೊಂತಾ ಕುಂತ್ರೆ ಅಂಗಡಿ ನಡೆದಂಗೇ. ಗೋಂದು ಹಚ್ಚಿ ಮಣಿ ಕೂಡ್ರಿಸಿದ್ವಿ, ಏನು ಮಿಂಚ್ತಿದ್ವು ಗೊತ್ತಾ!"

"ಮರುಳಸಿದ್ದಮ್ಮನ ಮೊಮ್ಮಗನ ಗಂಟ್ಲಾಗೂ ಮಿಂಚ್ತೇನ್ರಿ?"

ರಿಬ್ಬನ್ನಿನ ಗಿರಾಕಿ ಮೆಲ್ಲಗೆ ಹಿಂದೆ ಸರಿದಳು. ವಾಮದೇವಪ್ಪ ದನಿ ತಗ್ಗಿಸಿದ. "ಕೂಸು ಚೆನ್ನಾಗೈತಲ್ಲ? ಮತ್ಯಾಕೆ ಕೂಗಾಡ್ತಿ? ಮಕ್ಕಳನ್ನ ನೋಡ್ಕೊಳ್ಳೋದು ತಾಯಂದಿರ ಕೆಲಸ. ಲೋಕದಾಗೆ ಎಲ್ಲಾ ಗೊಂಬೆಗೂ ಮಣಿ ಕಣ್ಣೇ ಇರ್ತೈತೆ."

ತಾಯಂದಿರ ಕೆಲಸವಂತೆ! ವಿಷದ ಬಟ್ಟಲು ತುಟಿಯ ಹತ್ತಿರ ಇಟ್ಟು, ಕುಡಿಯದಂತೆ ನೋಡಿಕೋ ಎಂದ ಹಾಗಾಯಿತು. ಹೊನ್ನಕ್ಕ ಅಂಗಡಿಯ ಮೆಟ್ಟಿಲು ಹತ್ತಿ ನಿಂತು ಕೇಳಿದಳು, "ಹಂಗಾದ್ರೆ ನಿಮ್ಮ ಮೊಮ್ಮಗನ ಗಿಳಿಗೂ ಮಣಿ ಹಚ್ಚೀರೇನ್ರಿ?"

ವಾಮದೇವಪ್ಪ ರಿಬ್ಬನ್ನು ಸುತ್ತತೊಡಗಿದ. ಅಂಗಡಿಯ ಹಿಂದೆಯೇ ಮನೆ. ಪರದೆಯ ಆಚೆಯಿಂದ ಸೊಸೆ ಕಮಲಕ್ಕನ ಸಣ್ಣ ದನಿ ಬಂತು.

"ಇಲ್ರಿ. ಅದಕ್ಕೆ ಬ್ಯಾಡ, ಕೂಸು ನುಂಗೀತು ಅಂತ ಮಾವಾರೇ ಅಂದ್ರು."

ಗೊತ್ತಿತ್ತು! ಈ ಮನುಷ್ಯನಿಗೆ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದ್ದರೆ ಬೈದು ಬಿಡಬಹುದಿತ್ತು. ತನ್ನ ತೊಟ್ಟಿಲಿಗೆ ದಾರದ ಕಣ್ಣು, ಊರಿನ ತೊಟ್ಟಿಲುಗಳಿಗೆ ಗಾಜಿನ ಕಣ್ಣು! ಹೊನ್ನಕ್ಕನ ಬಾಯಿಗೆ ಬಂದ ಬೈಗುಳಗಳೆಲ್ಲ ಸಣ್ಣವೆನಿಸಿ ಬಾಯಲ್ಲೇ ಉಳಿದವು.

ಪರದೆ ಸರಿಯಿತು. ಕಮಲಕ್ಕ ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಹೊರಗೆ ಬಂದಳು. ಕಣ್ಣು ಕೆಂಪಾಗಿದ್ದವು.

"ಗೋಂದು ಹಚ್ಚಿದ್ದು ನಾನೇ ಅಕ್ಕಾ. ಆ ಸುದ್ದಿ ಕೇಳಿದಾಗಿಂದ ಅನ್ನ ಇಳೀವಲ್ದು. ಯಾರ್ಯಾರು ಒಯ್ದಾರೆ ಅಂತ ನಂಗೆ ಗೊತ್ತು, ಹೆಂಗಸರೆಲ್ಲ ಒಳಗೆ ಬಂದು ನನ್ನ ಕೂಡೇ ಆರಿಸ್ಕೊಂಡು ಹೋಗ್ಯಾರೆ. ನಡೀರಿ, ಮನಿ ತೋರಿಸ್ತೀನಿ."

"ಎಲ್ಲಿಗೆ ಹೊಂಟಿ?" ಎಂದ ಮಾವ.

"ಮಕ್ಕಳನ್ನ ನೋಡ್ಕೊಳ್ಳಾಕ್ರಿ" ಎಂದು ಸೊಸೆ ಮೆಟ್ಟಿಲಿಳಿದಳು.

ಮೊದಲು ಮರುಳಸಿದ್ದಮ್ಮನ ಮನೆ. ಇವಳೇ ಹೊನ್ನಕ್ಕ, ಮಣಿ ತೆಗೆಯಲು ಬಂದಿದ್ದಾಳೆ ಎಂದು ಕೇಳಿದ್ದೇ ಮುದುಕಿ ಬಾಗಿಲಲ್ಲೇ ತಡೆದಳು. ಗಿಳಿ ಇನ್ನೂ ತೊಟ್ಟಿಲ ಮೇಲೆ ತೂಗುತ್ತಿತ್ತು. ಒಂದು ಕಣ್ಣು ಹೋಗಿತ್ತು, ಇನ್ನೊಂದು ಮಣಿ ಹಾಗೇ ಇತ್ತು. ಕಟ್ಟಿದ ಗಿಳಿಯನ್ನು ಬಿಚ್ಚಿದರೆ ಕೂಸಿಗೆ ಕೇಡು ಎಂದು ಬಿಟ್ಟಿದ್ದರು.

"ಒಂದು ಕಣ್ಣು ಉದುರಿಸಿ ನನ್ನ ಮೊಮ್ಮಗನ್ನ ಕೊಲ್ಲಾಕೆ ನೋಡ್ದಿ, ಈಗ ಇನ್ನೊಂದೂ ಕೀಳಾಕೆ ಬಂದೀಯ? ತೊಟ್ಲ ಗಿಳಿ ಕಣ್ಣು ಕೀಳ್ತಾರೇನೇ ಯಾರಾರ? ತೊಲಗು!"

"ನೀವು ಬೈರಿ ಅತ್ತಿ, ಬೈಸ್ಕೊಂತೀನಿ. ಆ ಮಣಿ ಮಾತ್ರ ಅಲ್ಲಿರಾಕೆ ಬಿಡಲ್ಲ."

"ಕುರುಡು ಮಾಡಗೊಡಲ್ಲ ನಾನು!"

ಕಣ್ಣಿದ್ದ ಗಿಳಿಯೇ ಕೂಸನ್ನು ಕಾಯುತ್ತದೆ ಎಂಬ ಮುದುಕಿಯ ಮಾತು ಹೊನ್ನಕ್ಕನ ತಾಯಿಯದೇ ಮಾತು; ಅದನ್ನು ಅಲ್ಲಗಳೆದರೆ ತನ್ನ ಗಿಳಿಗೆ ಏನುಳಿಯಿತು? "ಕುರುಡು ಮಾಡಲ್ರಿ. ಮೊದಲು ಹೊಸ ಕಣ್ಣು ಹಾಕ್ತೀನಿ, ಆಮ್ಯಾಲೆ ಹಳೇದು ತೆಗೀತೀನಿ. ಒಂದು ಗಳಿಗೇನೂ ಕಣ್ಣಿಲ್ದೆ ಇರಲ್ಲ."

ಮುದುಕಿ ಯೋಚಿಸಿ ಬಾಗಿಲು ಬಿಟ್ಟಳು. ಗಿಳಿಯನ್ನು ಬಿಚ್ಚದೆ, ತೂಗುತ್ತಿದ್ದಂತೆಯೇ, ಹೊನ್ನಕ್ಕ ನಿಂತುಕೊಂಡೇ ಗಂಟು ಹಾಕಿದಳು. ಹೋದ ಕಣ್ಣಿನ ಜಾಗದಲ್ಲಿ ಒಂದು, ಉಳಿದ ಮಣಿಯ ಮಗ್ಗುಲಲ್ಲಿ ಒಂದು. ಆಮೇಲೆ ಮಣಿಗೆ ಉಗುರು ತಾಗಿಸಿದಳಷ್ಟೇ, ಕಳಚಿ ಅಂಗೈಗೆ ಬಿತ್ತು. ಅದನ್ನು ಮುದುಕಿಯ ಮುಂದೆ ಹಿಡಿದಳು. ಮುದುಕಿ ಕೂಸನ್ನು ತೊಟ್ಟಿಲಿನಿಂದ ಎತ್ತಿ ಎದೆಗೆ ಒತ್ತಿಕೊಂಡಳು.

ಉಳಿದ ಮನೆಗಳಲ್ಲೂ ಹಾಗೆಯೇ. ಎಲ್ಲ ಗಿಳಿಗಳಿಗೂ ಸ್ವಲ್ಪ ಹೊತ್ತು ನಾಲ್ಕು ಕಣ್ಣು. ಕೆಲವರು ಚಹಾ ಕೊಟ್ಟರು, ಕೆಲವರು ಬೈದರು. ಕಾರ್ಖಾನೆ ಕಡೆಯ ಒಬ್ಬ ಹುಡುಗಿ ಮಣಿಯೇ ಚೆಂದವಿತ್ತೆಂದು ಮುಖ ಊದಿಸಿಕೊಂಡಳು. ಹೊನ್ನಕ್ಕ ಅವಳಿಗೆ ಕೊಟ್ಟ ಉತ್ತರ ಇಲ್ಲಿ ಬರೆಯುವಂಥದ್ದಲ್ಲ. ಕಮಲಕ್ಕ ತನ್ನ ಕೂಸನ್ನು ಹೆಗಲಿಂದ ಹೆಗಲಿಗೆ ಬದಲಿಸುತ್ತ, "ಇನ್ನೊಂದು ಮನಿ, ಆ ತಿರುವಿನಾಗೆ" ಎಂದು ಮುಂದೆ ಮುಂದೆ ನಡೆದಳು. ಕೊನೆಯ ಮನೆಯ ಗಿಳಿಗೂ ದಾರದ ಕಣ್ಣು ಬಂದ ಮೇಲೆಯೇ ಅವಳು ಜಗುಲಿಯ ಮೇಲೆ ಕುಳಿತು ನೀರು ಕೇಳಿದಳು.

ತಿರುಗಿ ಬಂದಾಗ ವಾಮದೇವಪ್ಪ ಮೆತ್ತಗಾಗಿದ್ದ. ಬೀದಿಯವರೆಲ್ಲ ಅಂಗಡಿಯ ಕಡೆ ನೋಡಿಕೊಂಡೇ ಹೋಗುತ್ತಿದ್ದರು.

"ಆತು ಬಿಡು, ಆಗಿದ್ದು ಆಗಿ ಹೋತು. ಇನ್ನ ಮ್ಯಾಲೆ ನೀನೇ ದಾರದ ಕಣ್ಣು ಹಾಕಿ ಕೊಡು. ಅಂಗಡ್ಯಾಗೆ ಹಂಗೇ ತೂಗಿ ಹಾಕ್ತೀನಿ."

ಹೊನ್ನಕ್ಕ ಅಂಗಡಿಯನ್ನು ಮೇಲಿಂದ ಕೆಳಗೆ ನೋಡಿದಳು. "ತೊಟ್ಲು ಎಲ್ಲೈತ್ರಿ ಇಲ್ಲಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಸ್ಟೇಷನ್ನಿಗೆ ನಡೆದಳು.

ರೈಲು ದಾವಣಗೆರೆ ಹತ್ತಿರದ ಬಾತಿ ಊರನ್ನು ದಾಟಿದರೂ ಅವಳ ಸಿಟ್ಟು ಇಳಿದಿರಲಿಲ್ಲ. ಹರಿಹರದ ತೊಟ್ಟಿಲುಗಳು ನೆಟ್ಟಗಾದವು, ಸರಿ. ನಲ್ಲಿಯ ಹತ್ತಿರ ತನ್ನನ್ನು ಕಂಡು ನಿಂತುಹೋದ ಮಾತು? ಇಳಿದವಳೇ ತನ್ನ ಮನೆಗೆ ಹೋಗಿ ಉಚ್ಚೆಂಗೆಮ್ಮ ವಾಪಸು ಕೊಟ್ಟ ಗಿಳಿಯನ್ನು ತೆಗೆದುಕೊಂಡು, ಸೀದಾ ಎದುರು ಮನೆಗೆ ನುಗ್ಗಿದಳು. ಅವಳ ನಡಿಗೆ ನೋಡಿಯೇ ವಠಾರದ ಹೆಂಗಸರು ಬಾಗಿಲಿಗೆ ಬಂದರು. ದಿಲ್ಷಾದ್ ಎಲ್ಲರಿಗಿಂತ ಮುಂದೆ.

"ತಗಾ" ಎಂದು ಹೊನ್ನಕ್ಕ ಗಿಳಿಯನ್ನು ಉಚ್ಚೆಂಗೆಮ್ಮನ ಬಾಯಿಯ ಮುಂದೆ ಹಿಡಿದಳು. "ಕಚ್ಚು."

"ಏನೇ ಇದು? ಹುಚ್ಚು ಹಿಡೀತಾ?"

"ಕಣ್ಣು ಕಚ್ಚಿ ಜಗ್ಗು ಅಂದೆ. ಬಿಟ್ಟುಕೊಂಡ್ರೆ ನಾಳೆಯಿಂದ ಸೂಜಿ ಮುಟ್ಟಲ್ಲ. ಬಿಡ್ಲಿಲ್ಲ ಅಂದ್ರೆ ನೀನೇ ನಲ್ಲಿ ಹತ್ರ ನಿಂತು ಎಲ್ಲರಿಗೂ ಹೇಳ್ಬೇಕು."

"ಕಚ್ಚಿಬಿಡ್ರಿ ಉಚ್ಚೆಂಗೆಮ್ಮಾ, ಹಲ್ಲು ಗಟ್ಟಿ ಅವೆ ನಿಮ್ಮವು" ಎಂದಳು ದಿಲ್ಷಾದ್. ಹೆಂಗಸರು ನಕ್ಕರು. ಹೊನ್ನಕ್ಕ ನಗಲಿಲ್ಲ.

ತೊಟ್ಟಿಲ ಪಕ್ಕದಲ್ಲಿ ಬಾಣಂತಿ ಮಗಳು ಎದ್ದು ಕುಳಿತಿದ್ದಳು. "ಕಚ್ಚವ್ವಾ" ಎಂದಳು ಅವಳೂ. "ನಂಗೂ ಗೊತ್ತಾಗ್ಬೇಕು."

ಉಚ್ಚೆಂಗೆಮ್ಮ ಅತ್ತಿತ್ತ ನೋಡಿದಳು. ಆಮೇಲೆ ಕಣ್ಣು ಮುಚ್ಚಿಕೊಂಡು, ಗಿಳಿಯ ಕರಿಯ ಗಂಟನ್ನು ಹಲ್ಲಿನಲ್ಲಿ ಹಿಡಿದು, ಕತ್ತಿನ ನರ ಬಿಗಿಯುವ ಹಾಗೆ ಜಗ್ಗಿದಳು. ಇನ್ನೊಮ್ಮೆ ಜಗ್ಗಿದಳು. ಬಾಯಿಗೆ ಉಣ್ಣೆಯ ಎಳೆ ಕೂಡ ಬರಲಿಲ್ಲ. ಒದ್ದೆಯಾದ ಗಿಳಿಯನ್ನು ಸೆರಗಿನಲ್ಲಿ ಒರೆಸಿ, ಏನೂ ಹೇಳದೆ, ತಾನೇ ಕೈ ಎತ್ತಿ ತೊಟ್ಟಿಲ ಮೇಲೆ ಕಟ್ಟಿದಳು.

"ಬಾಯಿ ಬಿಟ್ಟು ಹೇಳು" ಎಂದಳು ಹೊನ್ನಕ್ಕ.