ಅತ್ತೆಯ ತಟ್ಟೆಯ ಎರಡನೇ ಮುದ್ದೆ

ನಮ್ಮತ್ತೆ ಬಸ್ಸು ಹತ್ತಬೇಕಾದರೆ ಮೂವರು ಬೇಕಿತ್ತು. ಮೇಲಿಂದ ಎಳೆಯಲು ಕಂಡಕ್ಟರ್, ಕೆಳಗಿಂದ ನೂಕಲು ನಾನು, ತಾಳ್ಮೆಯಿಂದ ಕಾಯಲು ಡ್ರೈವರ್. (ನಾಲ್ಕನೆಯವರೂ ಇರುತ್ತಿದ್ದರು. "ಪಾಪ, ಸೊಸೆ ಎಷ್ಟು ಚೆನ್ನಾಗಿ ನೋಡ್ಕಂತಾಳೆ" ಎನ್ನಲು.)

ಅತ್ತೆಯ ವಯಸ್ಸು ಅರವತ್ತೆಂಟು, ತೂಕ ಎಂಬತ್ತಾರು. ಮಧುಗಿರಿಯ ಡಾಕ್ಟರಮ್ಮನಿಗೆ ಬೇಸರವಾದದ್ದು ಎರಡನೇ ನಂಬರಿನ ಬಗ್ಗೆ. ಮಂಡಿಯ ಎಕ್ಸ್‌ರೇ ಬೆಳಕಿಗೆ ಹಿಡಿದು ಹೇಳಿದರು: "ಅಜ್ಜಿ, ಬರೀ ಮಾತ್ರೆಯಿಂದ ಆಗಲ್ಲ. ಹತ್ತು ಕೆಜಿ ಇಳಿಸಿ. ಇಲ್ಲದಿದ್ರೆ ವಾಕರ್ ಹಿಡೀಬೇಕಾಗುತ್ತೆ." ಊಟಕ್ಕೆ ಒಂದೇ ಮುದ್ದೆ, ತುಪ್ಪ ಒಂದು ಚಮಚ, ಟೀಗೆ ಸಕ್ಕರೆ ಬಂದ್, ಬೆಳಗ್ಗೆ ವಾಕಿಂಗ್.

ಅತ್ತೆ ಕೇಳಿದ್ದು ಒಂದೇ ಪ್ರಶ್ನೆ: "ಬಸ್ಸು ನಾನೇ ಹತ್ತಂಗಾಗ್ತದಾ ತಾಯಿ?"

"ಆಗುತ್ತೆ."

ಅಷ್ಟು ಸಾಕಾಯಿತು. ಮೂವತ್ತು ವರ್ಷ ಕಡಲೆಕಾಯಿ ಹೊಲದಲ್ಲಿ ಕಳೆ ಕಿತ್ತ ಹೆಂಗಸು. ಮಂಡಿನೋವು ತಡೆದುಕೊಂಡಿದ್ದರು, ಜನರೆದುರು ನೂಕಿಸಿಕೊಳ್ಳುವುದನ್ನು ತಡೆದುಕೊಳ್ಳಲಾಗಿರಲಿಲ್ಲ.

ಆದರೆ ನಮ್ಮ ಕೊಡಿಗೇನಹಳ್ಳಿಯಲ್ಲಿ ಕೆಲಸವಿಲ್ಲದೆ ನಡೆಯುವುದು ಸುಲಭವೇ? ಮೊದಲ ದಿನವೇ ಎರಡು ಬೈಕು, ಒಂದು ಆಟೊ ನಿಂತವು. "ಎಲ್ಲಿಗಜ್ಜಿ? ಹತ್ತು, ಬುಟ್ಬತ್ತೀನಿ." ಎಲ್ಲಿಗೂ ಇಲ್ಲ ಎಂದರೆ, "ಯಾಕೆ, ಮನೇಲಿ ಜಗಳವಾ?" ಮೂರನೇ ದಿನದಿಂದ ಅತ್ತೆ ಕೈಯಲ್ಲಿ ಹಾಲಿನ ಕ್ಯಾನ್ ಹಿಡಿದು ಹೊರಟರು. ಖಾಲಿ ಕ್ಯಾನು. (ನಮ್ಮ ಮನೆಯಲ್ಲಿ ಹಸು ಇಲ್ಲ.) ಡೇರಿಗೆ ಹೊರಟಿದ್ದಾರೆ ಅಂದುಕೊಂಡು ಊರು ಸುಮ್ಮನಾಯಿತು.

ನಾಲ್ಕು ತಿಂಗಳಿಗೆ ಆರು ಕೆಜಿ ಇಳಿಯಿತು. ಒಂದು ಬೆಳಗ್ಗೆ ನಾನು ನೂಕಲು ಸಜ್ಜಾಗಿ ನಿಂತಿದ್ದರೆ, ಅತ್ತೆ ಕಂಬಿ ಹಿಡಿದು ತಾವೇ ಬಸ್ಸು ಹತ್ತಿ ಸೀಟಿನಲ್ಲಿ ಕೂತುಬಿಟ್ಟರು. ನನಗೆ ಕಣ್ಣು ತುಂಬಿ ಬಂತು.

ಊರಿಗೂ ಕಣ್ಣು ತುಂಬಿತು, ಬೇರೆ ಕಾರಣಕ್ಕೆ. ನಮ್ಮ ಕಡೆ ದಪ್ಪಗಾದರೆ "ಮೈ ತುಂಬ್ಕಂಡಿದ್ದೀಯ" ಎಂಬ ಮೆಚ್ಚುಗೆ. ಸಣ್ಣಗಾದರೆ ಎರಡೇ ಕಾರಣ: ಕಾಯಿಲೆ, ಇಲ್ಲವೇ ಸೊಸೆ. ಕಾಯಿಲೆ ಏನಿಲ್ಲ ಎಂದು ರಿಪೋರ್ಟ್ ಹೇಳಿತ್ತು. ಉಳಿದವಳು ನಾನು.

ಸುದ್ದಿ ಶಿರಾ ದಾಟಿ ತಾವರೆಕೆರೆಗೂ ಮುಟ್ಟಿತು. ಅಲ್ಲಿಂದ ಅತ್ತೆಯ ತಂಗಿ ಒಂದು ಡಬ್ಬಿ ಕಜ್ಜಾಯ, ಒಂದು ಡಬ್ಬಿ ಬೆಣ್ಣೆ ಹೊತ್ತು ಬಂದಿಳಿದರು. ಬಾಗಿಲಲ್ಲೇ ಶುರು:

"ಯಾಕಕ್ಕಯ್ಯ ಇಂಗೆ ಸೊರಗೋಗ್ಬುಟ್ಟಿದ್ದೀಯ? ಹೊಟ್ಟೆಗೆ ಸರ್ಯಾಗಿ ಇಕ್ತಿಲ್ವಾ?"

ಪ್ರಶ್ನೆ ಅಕ್ಕನಿಗೆ, ನೋಟ ನನ್ನ ಕಡೆಗೆ. ನಾನು ಡಾಕ್ಟರ್ ಚೀಟಿ ತಂದು ತೋರಿಸಿದೆ. "ಡಾಕ್ಟ್ರು ನೂರು ಹೇಳ್ತಾರೆ ಬುಡಮ್ಮ. ವಯಸ್ಸಾದ ಜೀವ, ತಿನ್ನಲಿ!"

ಇಪ್ಪತ್ತೆರಡು ವರ್ಷದಿಂದ ಮಕ್ಕಳಿಗೆ ಸಮತೋಲನ ಆಹಾರದ ಪಾಠ ಮಾಡುತ್ತಿರುವ ಟೀಚರ್ ನಾನು. ಏನು ಮಾಡಿದೆ ಗೊತ್ತೇ? ಒಳಗೆ ಹೋಗಿ ಎರಡನೇ ಮುದ್ದೆ ತಂದು ಅತ್ತೆಯ ತಟ್ಟೆಗೆ ಇಟ್ಟೆ. ತಂಗಿಗೆ ಕಾಣುವಂತೆ. ಮೇಲೆ ತುಪ್ಪ ಸುರಿದೆ. ಆಮೇಲೆ ಕಜ್ಜಾಯ. ಅತ್ತೆ ನನ್ನ ಮುಖ ನೋಡಿದರು, ತಿಂದರು. ಚಿಕ್ಕತ್ತೆ ಹದಿನೈದು ದಿನ ಇದ್ದರು. ಅವರನ್ನು ನೋಡುವ ನೆಪದಲ್ಲಿ ಓಣಿಯೆಲ್ಲ ಬಂತು. ಬಂದವರೆದುರು ಅದೇ ಮುದ್ದೆ, ಅದೇ ತುಪ್ಪ. ಖಾಲಿ ಕ್ಯಾನು ಅಟ್ಟ ಸೇರಿತು.

ಊರಿನಲ್ಲಿ ನನ್ನ ಹೆಸರು ಮತ್ತೆ ಚೆನ್ನಾಯಿತು. ಮೊನ್ನೆ ಚೆಕಪ್‌ಗೆ ಹೊರಟಾಗ ಅತ್ತೆ ಕಂಬಿ ಹಿಡಿದರು, ಕಾಲೆತ್ತಿದರು, ಆಗಲಿಲ್ಲ. ಹಿಂದಿರುಗಿ ನನ್ನ ಕಡೆ ನೋಡಿದರು. ನೂಕಿದೆ.

ಆಸ್ಪತ್ರೆಯ ತೂಕದ ಮಿಷನ್ ಮೂರು ಕೆಜಿ ಜಾಸ್ತಿ ತೋರಿಸಿತು. "ಏನಜ್ಜಿ ಇದು?" ಎಂದರು ಡಾಕ್ಟರಮ್ಮ. ಅತ್ತೆ ತಪ್ಪು ತಮ್ಮ ಮೇಲೆ ಹಾಕಿಕೊಂಡರು: "ಬಾಯಿಚಪಲ ಕಣಮ್ಮ."

ಹೊರಗೆ ಬೆಂಚಿನ ಮೇಲೆ ಕೂತಾಗ ಕೇಳಿದೆ: "ಬೇಡ ಅನ್ನಬಾರದಿತ್ತಾ ಅತ್ತೆ?"

ಮಂಡಿ ನೀವಿಕೊಳ್ಳುತ್ತಾ ಹೇಳಿದರು: "ನಾನು ಬ್ಯಾಡ ಅಂದಿದ್ರೆ ಅವ್ರೆಲ್ಲ ನಿನ್ನನ್ನ ಅಂತಿದ್ರಲ್ಲವ್ವ."

ಬಡಿಸುವಾಗ ನನಗೆ ನೆನಪಿದ್ದದ್ದು ನನ್ನ ಮರ್ಯಾದೆ. ತಿನ್ನುವಾಗ ಅವರಿಗೆ ನೆನಪಿದ್ದದ್ದೂ ನನ್ನ ಮರ್ಯಾದೆಯೇ. ಮಂಡಿಯ ನೆನಪು ಯಾರಿಗಿತ್ತು?

ಅಟ್ಟದಿಂದ ಕ್ಯಾನು ಇಳಿಸಿದ್ದೇನೆ. ಒಂದೇ ಮುದ್ದೆ ಎಂದು ಗಟ್ಟಿ ಮನಸ್ಸು ಮಾಡಿದ್ದೇನೆ. ಆದರೆ ಮುಂದಿನ ವಾರ ಪಾವಗಡದಿಂದ ನಾದಿನಿ ಬರುತ್ತಿದ್ದಾಳೆ, ಅವಳೆದುರು ನನ್ನ ಕೈ ಸುಮ್ಮನಿರುತ್ತದೆಯೇ?